ಗಗನಸಖಿಯ ನಗು

ಫೋಟೊ ತೆಗೆಸಿಕೊಳ್ಳುವಾಗ ನಗಬೇಕೆಂಬ ಶಾಸನವನ್ನು ಹೊರಡಿಸಿದವರು ಯಾರೋ ನನಗೆ ತಿಳಿಯದು; ಯಾರೇ ಆಗಿರಲಿ, ಅವರು ಕೂಡ್ಲಿಗಿ ಸೀಮೆಯ ನೀರು ಕುಡಿದವರಲ್ಲ ಎಂಬುದನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ. ನಮ್ಮ ಮನೆಯ ಮದುವೆಯ ಆಲ್ಬಮ್ಮುಗಳನ್ನು ನೀವೊಮ್ಮೆ ತಿರುವಿ ಹಾಕಬೇಕು. ಮದುಮಗ, ಮದುಮಗಳು, ಬೀಗರು, ಅಕ್ಷತೆ ಹಿಡಿದು ನಿಂತ ನಂಟರು, ಕೊನೆಗೆ ಊಟದ ಪಂಕ್ತಿಯಲ್ಲಿ ಹೋಳಿಗೆಯ ಮುಂದೆ ಕುಳಿತವರು ಕೂಡ ತುಟಿ ಬಿಗಿದುಕೊಂಡು ಪರಮ ಗಂಭೀರರಾಗಿದ್ದಾರೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರು ಆ ಆಲ್ಬಮ್ ನೋಡಿ, ಹೆಣ್ಣಿನ ಕಡೆಯವರಿಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲವೇ ಎಂದು ಸಂಕೋಚದಿಂದ ವಿಚಾರಿಸಿದ್ದುಂಟು. ಒಪ್ಪಿಗೆಯೇನೋ ಇತ್ತು ಮಹಾರಾಯರೇ, ಹಲ್ಲು ತೋರಿಸಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ.

ನಮ್ಮ ಸೀಮೆಯ ಅನೇಕ ಊರುಗಳಲ್ಲಿ ಹಲ್ಲು ಬಿಳಿಯಾಗಿರುವುದಿಲ್ಲ. ಬುಡ ಹಳದಿ, ಮೈ ಕಂದು, ನಡುವೆ ಸುಣ್ಣ ಚಿಮುಕಿಸಿದಂಥ ಚುಕ್ಕೆಗಳು. ನನ್ನ ಬಾಯಲ್ಲಿರುವ ದಂತಪಂಕ್ತಿಯೂ ಇದಕ್ಕೆ ಹೊರತಲ್ಲ. ವಿಧಿಯ ವಿನೋದ ನೋಡಿ, ನಾನು ಕೊಟ್ಟೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾದೆ. ವರ್ಷಕ್ಕೊಮ್ಮೆಯಾದರೂ ಕಾವ್ಯನಾಯಿಕೆಯ ಹಲ್ಲುಗಳನ್ನು ದಾಳಿಂಬೆಯ ಬೀಜಕ್ಕೂ ಮಲ್ಲಿಗೆಯ ಮೊಗ್ಗಿಗೂ ಹೋಲಿಸುವ ಪದ್ಯಗಳನ್ನು ವಿವರಿಸಲೇಬೇಕು. ತುಟಿಗಳನ್ನು ಆದಷ್ಟು ಕಡಿಮೆ ಅಗಲಿಸಿ ನಾನು ವರ್ಣಿಸುತ್ತಿದ್ದರೆ, ಎದುರಿನ ಬೆಂಚುಗಳಲ್ಲಿ ತರಗತಿಗೆ ತರಗತಿಯೇ ತಲೆ ತಗ್ಗಿಸಿರುತ್ತಿತ್ತು. ಪೂರ್ವಕವಿಗಳಲ್ಲಿ ಒಬ್ಬರಾದರೂ ಹುಣಸೆ ಬೀಜಕ್ಕೆ ಹೋಲಿಸಿ ನಮ್ಮ ಮಾನ ಉಳಿಸಬಾರದಿತ್ತೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹೀಗಾಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನಮ್ಮಲ್ಲಿ ನಡೆನುಡಿಯ ಭಾಗವೇ ಆಗಿಬಿಟ್ಟಿದೆ. ಹೆಂಗಸರಿಗೆ ಸೆರಗಿದೆ, ಗಂಡಸರಿಗೆ ಹೆಗಲ ಮೇಲಿನ ಟವೆಲ್ಲಿದೆ, ನನ್ನಂಥ ಓದಿದವರಿಗೆ ಕರ್ಚೀಪಿದೆ. ಪರಸ್ಥಳದವರು ಇದನ್ನು ವಿನಯವೆಂದು ಮೆಚ್ಚಿಕೊಳ್ಳುವುದೂ ಉಂಟು, ನಾವು ಆ ಮೆಚ್ಚುಗೆಯನ್ನು ತುಟಿ ಬಿಚ್ಚದೆ ಸ್ವೀಕರಿಸುವುದೂ ಉಂಟು. ಹೆಣ್ಣು ನೋಡಲು ಬಂದವರು ಬಣ್ಣ ನೋಡುತ್ತಾರೆ, ಎತ್ತರ ನೋಡುತ್ತಾರೆ, ಜಡೆ ನೋಡುತ್ತಾರೆ, ಹಲ್ಲಿನ ಮಾತೆತ್ತುವುದಿಲ್ಲ. ಎತ್ತಬೇಕಾದರೆ ಅವರೂ ಬಾಯಿ ತೆರೆಯಬೇಕಾಗುತ್ತದಲ್ಲ.

ಇಂಥ ನಾಡಿನಲ್ಲಿ ಹುಟ್ಟಿದ ನನ್ನ ಅಕ್ಕನ ಮಗಳು ಅನ್ನಪೂರ್ಣ, ನಮ್ಮೆಲ್ಲರ ಪೂರ್ಣಿ, ತಾನು ಗಗನಸಖಿಯಾಗುತ್ತೇನೆ ಎಂದಳು.

ಅಕ್ಕನನ್ನು ಕೊಟ್ಟದ್ದು ಕೂಡ್ಲಿಗಿಯ ಸಮೀಪದ ಒಂದು ಹಳ್ಳಿಗೆ. ಭಾವನದು ಅಲ್ಲಿ ಹಿಟ್ಟಿನ ಗಿರಣಿ. ಪೂರ್ಣಿ ಹೈಸ್ಕೂಲು ಮುಗಿಸಿ ಕಾಲೇಜಿಗೆಂದು ಕೊಟ್ಟೂರಿನ ನಮ್ಮ ಮನೆಗೆ ಬಂದವಳು, ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಈ ಸಂಗತಿಯನ್ನು ಹೊರಗೆಡವಿದಳು. ಶಾಲೆಯ ಪ್ರವಾಸದಲ್ಲಿ ಬೆಂಗಳೂರಿಗೆ ಹೋದಾಗ ಮೇಷ್ಟ್ರು ಇವರನ್ನು ವಿಮಾನ ನಿಲ್ದಾಣದ ಹೊರಗಿನ ರಸ್ತೆಯಲ್ಲಿ ಇಳಿಸಿದ್ದರಂತೆ. ಉಳಿದ ಮಕ್ಕಳೆಲ್ಲ ಕತ್ತೆತ್ತಿ ಆಕಾಶ ನೋಡುತ್ತಿದ್ದರೆ, ಇವಳು ಗಾಲಿಯ ಪೆಟ್ಟಿಗೆ ಎಳೆದುಕೊಂಡು ಹೊರಗೆ ಬರುತ್ತಿದ್ದ ಸಮವಸ್ತ್ರದ ಹೆಣ್ಣುಮಕ್ಕಳನ್ನು ನೋಡುತ್ತ ನಿಂತಳಂತೆ. ನಾನು ಮೇಷ್ಟ್ರ ಗತ್ತಿನಲ್ಲಿ, ಹಾರುವ ಆಸೆ ಮನುಷ್ಯನಿಗೆ ಅನಾದಿಯಿಂದ ಬಂದದ್ದು ಎಂದು ಶುರುಮಾಡಿದೆ. ಪೂರ್ಣಿ ಅರ್ಧಕ್ಕೇ ತಡೆದಳು.

"ಹಾರೂದಲ್ಲ ಮಾಮಾ. ಅವರು ನಗಾಕತ್ತಿದ್ರು. ಬಾಯಿ ತುಂಬ. ಒಬ್ಬಾಕೀನೂ ಕೈ ಅಡ್ಡ ಹಿಡಿದಿರಲಿಲ್ಲ."

ನನ್ನ ಉಪನ್ಯಾಸ ಅಲ್ಲಿಗೇ ನಿಂತಿತು. ಎಲ್ಲರ ಮಕ್ಕಳೂ ಆಕಾಶಕ್ಕೆ ಆಸೆಪಟ್ಟರೆ, ಈ ಹುಡುಗಿ ಆಸೆಪಟ್ಟದ್ದು ನಮ್ಮ ಊರುಗಳಲ್ಲಿ ಯಾರೂ ಮಾಡದ ಒಂದು ಸಣ್ಣ ಕೆಲಸಕ್ಕೆ. ಅವಳ ಮೇಲೆ ನನಗೆ ಆ ಹೊತ್ತು ಉಕ್ಕಿದ ಅಕ್ಕರೆಯನ್ನು ಅವರೆಕಾಯಿಯ ಬುಟ್ಟಿಯನ್ನು ಅವಳತ್ತ ಸರಿಸಿ ಮುಚ್ಚಿಕೊಂಡೆ.

ಆ ದಿನಗಳಲ್ಲಿ ಹೊಸ ಹೊಸ ವಿಮಾನ ಕಂಪನಿಗಳು ಹುಟ್ಟಿಕೊಳ್ಳುತ್ತಿದ್ದವು. ಹುಡುಗಿಯರು ಬೇಕೆಂಬ ಜಾಹೀರಾತುಗಳು ಪತ್ರಿಕೆಯಲ್ಲಿ ಬರುತ್ತಿದ್ದವು. ಭಾವ ಗಿರಣಿಯ ಹಿಟ್ಟು ಮೆತ್ತಿದ ಮುಖದಲ್ಲೇ, "ಚಾ ಕೊಡಾಕ ಅಷ್ಟು ಮ್ಯಾಲ ಹೋಗಬೇಕೇನಲೇ ಪೂರ್ಣಿ? ಕೂಡ್ಲಿಗಿ ಬಸ್‌ಸ್ಟ್ಯಾಂಡಿನಾಗೂ ಕೊಡ್ತಾರ" ಅಂದರು, ಅಂದರೇ ಹೊರತು ಬೇಡವೆನ್ನಲಿಲ್ಲ. ತರಬೇತಿಯ ಹೊಣೆ ನನ್ನ ಮೇಲೆ ಬಿತ್ತು. ವಿಮಾನವನ್ನು ಕಣ್ಣಳತೆಯಲ್ಲಿ ಕಂಡವನೂ ಅಲ್ಲದ ನಾನು, ಕುರುಡ ಕುರುಡನಿಗೆ ದಾರಿ ತೋರಿಸಿದಂತೆ, ಅವಳಿಗೆ ಗಗನಯಾನದ ಪಾಠ ಆರಂಭಿಸಿದೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಯಾವ ಕಂಬಿಯನ್ನೂ ಹಿಡಿಯದೆ, ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು ನಿಲ್ಲುವುದು ಮೊದಲನೆಯ ಅಭ್ಯಾಸ. ಆ ರಸ್ತೆಯ ಗುಂಡಿಗಳನ್ನು ದಾಟಿಯೂ ಲೋಟದಲ್ಲಿ ನೀರುಳಿಸಿಕೊಂಡವಳಿಗೆ ಆಕಾಶದ ಯಾವ ಗಾಳಿಯೂ ಏನೂ ಮಾಡದೆಂಬುದು ನನ್ನ ಸಿದ್ಧಾಂತ. ನೀರು ಮೊದಮೊದಲು ಮುಂದಿನ ಸೀಟಿನವರ ಕೊರಳಿಗೆ ಇಳಿಯುತ್ತಿತ್ತು. ವರ್ಷ ಮುಗಿಯುವ ಹೊತ್ತಿಗೆ ಲೋಟದಲ್ಲೇ ನಿಂತಿತು. ಕಂಡಕ್ಟರ್ ಅವಳಿಗೆ, "ಇಮಾನದಾಕಿ ಬಂದ್ಲು, ಜಾಗ ಬಿಡ್ರಿ" ಎಂದು ದಾರಿ ಮಾಡಿಕೊಡುತ್ತಿದ್ದ.

ಇಂಗ್ಲಿಷು ಕಲಿತಳು, ಹಿಂದಿ ಕಲಿತಳು, ನಡಿಗೆ ತಿದ್ದಿಕೊಂಡಳು. ಪ್ರಯಾಣಿಕರಿಗೆ ಹೇಳಲೆಂದು ನಾನು ಬರೆದುಕೊಟ್ಟ ಕನ್ನಡ ಪ್ರಕಟಣೆ ಮಾತ್ರ ಅವಳಿಗೆ ದಕ್ಕಲಿಲ್ಲ. ನನ್ನ ಸಮಾಸಗಳು ಮುಗಿಯುವಷ್ಟರಲ್ಲಿ ವಿಮಾನ ಇಳಿದು ಜನ ಮನೆಗೆ ಹೋಗಿರುತ್ತಾರೆ ಎಂದು ನನ್ನ ಹೆಂಡತಿ ಅಭಿಪ್ರಾಯಪಟ್ಟಳು. ಇಷ್ಟೆಲ್ಲ ಮಾಡಿದ ನಾವು ಹಲ್ಲಿನ ಮಾತನ್ನು ಒಮ್ಮೆಯೂ ಆಡಲಿಲ್ಲ. ಆಡಿದರೆ ಅವಳ ಆಸೆ ಮುರಿದೀತೆಂಬ ಭಯ ನನಗೆ. ನನಗೆ ಬೇಸರವಾದೀತೆಂಬ ಭಯ ಅವಳಿಗೆ.

ಬೆಂಗಳೂರಿನ ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋದೆ. ದೊಡ್ಡ ಹೋಟೆಲಿನ ಅಂಗಳದಲ್ಲಿ ಮಂಡಕ್ಕಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಾದೆ. ಹೋದಷ್ಟೇ ಬೇಗ ಹೊರಗೆ ಬಂದಳು. ಎತ್ತರ ಸರಿಯಾಗಿತ್ತು, ಮಾತು ಮೆಚ್ಚಿಕೊಂಡರು, ಕೊನೆಗೆ ನಗಲು ಹೇಳಿದರು.

"ಹಲ್ಲು ಕಾಣೂ ಹಂಗ ನಗು ಅಂದ್ರು ಮಾಮಾ. ನಗಬೇಕು ಅಂತ ಮಾಡಿದೆ. ಕೈ ತಾನ ಮ್ಯಾಲ ಬಂತು."

ಅವರು ಒರಟಾಗಿ ನಡೆದುಕೊಳ್ಳಲಿಲ್ಲವಂತೆ. ಕೈ ಇಳಿಸಿದ ಮೇಲೆ ನೋಡಿ, ವಂದನೆ ಹೇಳಿ, ಮುಂದಿನವಳನ್ನು ಕರೆದರಂತೆ. ವಾಪಸು ಬರುವ ಬಸ್ಸಿನಲ್ಲಿ ಮಂಡಕ್ಕಿ ಹಾಗೆಯೇ ಉಳಿಯಿತು.

ಸುದ್ದಿ ಕೇಳಿ ಅಕ್ಕ ಹಳ್ಳಿಯಿಂದ ಬಂದಳು. ಇದ್ದಿಲು, ಉಪ್ಪು, ನಿಂಬೆಸಿಪ್ಪೆ, ಬೇವಿನ ಕಡ್ಡಿ ಎಲ್ಲವನ್ನೂ ಮಗಳ ಹಲ್ಲಿನ ಮೇಲೆ ಪ್ರಯೋಗಿಸಿದಳು. ಒಸಡು ಕಿತ್ತುಬಂತೇ ಹೊರತು ಬಣ್ಣ ಅಲುಗಲಿಲ್ಲ. ಕೊನೆಗೆ ಮೂವರೂ ದಾವಣಗೆರೆಯ ಹಲ್ಲಿನ ಡಾಕ್ಟರ ಬಳಿಗೆ ಹೋದೆವು. ಡಾಕ್ಟರು ಸೌಮ್ಯ ಸ್ವಭಾವದ ಮಹಿಳೆ.

"ಇದು ಕೊಳೆ ಅಲ್ಲಮ್ಮ, ತಿಕ್ಕಿದ್ರೆ ಹೋಗಲ್ಲ. ಹಲ್ಲು ಒಸಡಿನೊಳಗೆ ಬೆಳೆಯೋ ಹೊತ್ತಿಗೆ ನೀರಿನಿಂದ ಬಂದಿರೋದು. ಚಿಕ್ಕವಳಿದ್ದಾಗ ಯಾವ ನೀರು ಕುಡಿಸ್ತಿದ್ರಿ?"

ಅಕ್ಕ ಹೆಮ್ಮೆಯಿಂದಲೇ ಹೇಳಿದಳು. "ಚೊಲೋ ನೀರ ಕುಡಿಸೀನ್ರಿ. ಮನಿ ಮುಂದ ಬಾವಿ ಇದ್ರೂ ನಾ ಕೆರಿ ಏರಿ ಕೆಳಗಿನ ಬೋರಿಂಗಿನಿಂದ ಹೊತ್ತು ತರ್ತಿದ್ದೆ. ಬ್ಯಾಳಿ ಬೆಣ್ಣಿ ಆದಂಗ ಆಗ್ತಿದ್ವು."

ನಮ್ಮಲ್ಲಿ ನೀರನ್ನು ಪರೀಕ್ಷಿಸುವುದು ಬೇಳೆಯಿಂದ. ಹಿಡಿ ತೊಗರಿಬೇಳೆ ಹಾಕಿ ಕುದಿಸಿದರೆ, ಬೇಗ ಕರಗಿಸುವ ನೀರು ಸಿಹಿನೀರು, ಮಕ್ಕಳಿಗೆ ಶ್ರೇಷ್ಠ. ಬೇಳೆ ಬೇಯಿಸದ ನೀರು ಸವಳು, ದನಕ್ಕೆ ಸಾಕು. ತಲೆಮಾರುಗಳಿಂದ ಹೆಂಗಸರು ಈ ಒಂದು ಪರೀಕ್ಷೆಯನ್ನು ನಂಬಿ ಕೊಡ ಹೊತ್ತಿದ್ದಾರೆ. ಡಾಕ್ಟರು ಅಕ್ಕನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಆಮೇಲೆ, ಬೇಳೆ ಬೇಗ ಬೇಯಿಸುವ ಆ ಮೆತ್ತನೆಯ ನೀರಿನಲ್ಲೇ ನಿಮ್ಮ ಕಡೆ ಎಷ್ಟೋ ಸಲ ಫ್ಲೋರೈಡ್ ಹೆಚ್ಚಿರುತ್ತದೆ ಎಂದು ಮೆಲ್ಲಗೆ ತಿಳಿಸಿ ಹೇಳಿದರು. ಮುಂದಿನ ಮೇಲ್ಸಾಲಿನ ಹಲ್ಲುಗಳಿಗೆ ಬಿಳಿಯ ಹೊದಿಕೆ ಹಾಕಬಹುದು, ಹುಡುಗಿಗೆ ಇನ್ನೂ ವಯಸ್ಸಿದೆ, ಚಿಂತೆ ಬೇಡ ಎಂದರು. ಪೂರ್ಣಿಯ ಕಣ್ಣುಗಳು ಅರಳಿದವು. ಅಕ್ಕನಿಗೆ ಆ ಕೊನೆಯ ಮಾತುಗಳು ಕೇಳಿಸಲೇ ಇಲ್ಲ.

ಬಸ್ಸು ಹರಪನಹಳ್ಳಿ ದಾಟಿತು. ಪೂರ್ಣಿಗೆ ನಿದ್ದೆ ಹತ್ತಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಬಾಜೂ ಮನಿಯಾಕಿಗೆ ನಾ ಸೋಮಾರಿ ಅಂತಿದ್ದೆ ತಮ್ಮಾ. ಮೈಗಳ್ಳಿ, ಕೂಸಿಗೆ ಬಾವಿ ನೀರು ಕುಡಸ್ತಾಳ ಅಂತ. ಆಕಿ ಮಗಳ ಹಲ್ಲು ಚೊಲೋ ಅದಾವ. ನಾ ಹೊತ್ತು ತಂದು ಕುಡಿಸೀನಿ."

ನಾನು ಪಾಠ ಹೇಳುವ ಮನುಷ್ಯ. ಎಂಥ ಪದ್ಯಕ್ಕೂ ಒಂದು ಅರ್ಥ ಹೇಳಬಲ್ಲೆ. ಆ ಹೊತ್ತು ಮಾತ್ರ ಅವಳ ಕೈ ಹಿಡಿದುಕೊಂಡು ಕುಳಿತೆ.

ಹೊದಿಕೆಯ ಕೆಲಸ ಮುಗಿದು, ಪೂರ್ಣಿ ಇನ್ನೊಂದು ಕಂಪನಿಯ ಸಂದರ್ಶನಕ್ಕೆ ಹೋದಳು. ಅಲ್ಲಿಯೂ ಕೈ ಮೇಲೇಳುತ್ತಿತ್ತಂತೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಕ್ಕಳಂತೆ. ಆಯ್ಕೆಯಾದಳು. ನಮ್ಮ ಮನೆಯಲ್ಲಿ ಹಬ್ಬವಾಯಿತು, ಭಾವ ಗಿರಣಿಗೆ ಬಂದವರಿಗೆಲ್ಲ ಪೇಡೆ ಹಂಚಿದರು, ನಾನು ಸ್ಟಾಫ್ ರೂಮಿನಲ್ಲಿ ಗಗನಸಖಿಯ ಸೋದರಮಾವನೆಂಬ ಹೊಸ ಬಿರುದಿನಿಂದ ಓಡಾಡಿದೆ.

ಆದರೆ ಅಕ್ಕ ಮಗಳ ಬಾಯಿಯನ್ನು ನೋಡುವುದನ್ನೇ ಬಿಟ್ಟಿದ್ದಳು. ಆ ಬಿಳಿಯ ಹಲ್ಲುಗಳು ಊರಿಗೆಲ್ಲ ಸಂಭ್ರಮ, ಅವಳಿಗೆ ಮಾತ್ರ ಎತ್ತಿ ತೋರಿಸಿದ ತಪ್ಪು. ಪೂರ್ಣಿ ನಕ್ಕಾಗಲೆಲ್ಲ ಒಲೆಯ ಕಡೆಗೋ ಹಿತ್ತಲ ಕಡೆಗೋ ತಿರುಗಿಬಿಡುವಳು. ಅದು ಗೊತ್ತಾಗಿ ಪೂರ್ಣಿ ಊರಿಗೆ ಬಂದಾಗ ಮತ್ತೆ ತುಟಿ ಮುಚ್ಚಿ ನಗತೊಡಗಿದಳು. ಲೋಕದೆದುರು ಬಾಯಿ ತುಂಬ ನಗುವ ಹಕ್ಕನ್ನು ಗಳಿಸಿದ ಹುಡುಗಿ ತಾಯಿಯೆದುರು ಅದನ್ನು ಬಿಟ್ಟುಕೊಟ್ಟಿದ್ದಳು.

ಒಂದು ಯುಗಾದಿಗೆ ರಜೆ ಸಿಕ್ಕಿ ಪೂರ್ಣಿ ಬಂದಿದ್ದಳು. ನಾನೂ ಅಕ್ಕನ ಊರಿಗೆ ಹೋಗಿದ್ದೆ. ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಾಗ ಪೂರ್ಣಿ ಹಿಂದಿನ ವಾರದ ಒಂದು ಸಂಗತಿ ಹೇಳಿದಳು. ಬೆಂಗಳೂರಿನಿಂದ ಪುಣೆಗೆ ಹೋಗುವ ವಿಮಾನದಲ್ಲಿ ವಯಸ್ಸಾದ ಒಬ್ಬ ಹೆಂಗಸು ಒಂಟಿಯಾಗಿ ಕುಳಿತಿದ್ದಳಂತೆ. ಮಿಲಿಟರಿಯಲ್ಲಿರುವ ಅಳಿಯ ಹೆಂಡತಿಯ ಬಾಣಂತನಕ್ಕೆಂದು ಅತ್ತೆಯನ್ನು ಕರೆಸಿಕೊಳ್ಳುತ್ತಿದ್ದ. ಇವಳು ಇಂಗ್ಲಿಷಿನಲ್ಲಿ ಕೇಳಿದರೂ ಹಿಂದಿಯಲ್ಲಿ ಕೇಳಿದರೂ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳೇ ಹೊರತು ಮಾತಾಡಲಿಲ್ಲ.

"ಸೆರಗು ಹಿಡಿದಿದ್ದು ನೋಡಿದ ಕೂಡ್ಲೇ ನನಗ ಗೊತ್ತಾತು ಮಾಮಾ. ಯಾವೂರವ್ವ ನಿಮ್ದು ಅಂದೆ. ಅರಸೀಕೆರಿ, ಹರಪನಹಳ್ಳಿ ತಾಲೂಕು ಅಂದ್ಲು. ನಾನೂ ಕೂಡ್ಲಿಗಿ ಕಡೆಯಾಕಿ ಅಂದ್ರ ನಂಬವಲ್ಲಳು. ಹಲ್ಲು ಮುತ್ತಿನಂಗ ಅದಾವ, ನೀ ನಮ್ಮ ಸೀಮಿಯಾಕಿ ಅಲ್ಲ ಬಿಡವ್ವ ಅಂತಾಳ."

"ನೀ ಏನಂದಿ?" ಎಂದೆ.

"ಕೆಳಗಿನ ತುಟಿ ಎಳೆದು ತೋರಿಸಿದೆ. ಮ್ಯಾಲಿನವು ಹೊಚ್ಚಿದ್ದು, ಕೆಳಗಿನವು ನಿಮ್ಮಂಥವ ಅದಾವ ನೋಡ್ರಿ ಅಂದೆ."

ಎಲೆಯಡಿಕೆ ತಟ್ಟೆಯ ಮುಂದೆ ಕುಳಿತಿದ್ದ ಅಕ್ಕನ ಕೈ ನಿಂತಿತು. "ಎಲ್ಲಾರ ಮುಂದ?"

"ಎಲ್ಲಾರ ಮುಂದ. ಆಕಿ ನೋಡಿ ನೋಡಿ ನಕ್ಕಳವ್ವ. ಆಮ್ಯಾಲ, ಯಾವ ನೀರವ್ವ ಅಂತ ಕೇಳಿದ್ಲು. ನಮ್ಮವ್ವ ದೂರದಿಂದ ಹೊತ್ತು ತಂದ ನೀರು ಅಂದೆ. ನಾನೂ ನನ್ನ ಮಗಳಿಗೆ ಅಂಥದ್ದ ಕುಡಿಸೀನವ್ವ ಅಂದ್ಲು. ಗೊತ್ತಿದ್ರ ಯಾರು ಕುಡಸ್ತಾರ ಅಂದ್ಲು."

ಅಕ್ಕ ಆ ಮಾತನ್ನು ತನಗೆ ತಾನೇ ಒಮ್ಮೆ ಹೇಳಿಕೊಂಡಳು. "ಗೊತ್ತಿದ್ರ ಯಾರು ಕುಡಸ್ತಾರ." ಕಣ್ಣೊರೆಸಿಕೊಂಡಳು. ತಟ್ಟೆಯನ್ನು ಬದಿಗೆ ಸರಿಸಿ ಮಗಳ ಬಳಿ ಬಂದು ಕುಳಿತು, ಅವಳ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು.

"ಬಾಯಿ ತಗಿ, ನೋಡೂನು."

ಪೂರ್ಣಿ ತೆರೆದಳು. ಅಕ್ಕ ಮೇಲಿನ ಸಾಲನ್ನೂ ನೋಡಿದಳು, ಕೆಳಗಿನ ಸಾಲನ್ನೂ ನೋಡಿದಳು, ಹೆಬ್ಬೆರಳಿನಿಂದ ಒಂದೊಂದೇ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿದಳು, ಕೂಸಿಗೆ ಮೊದಲ ಹಲ್ಲು ಬಂದಾಗ ತಾಯಂದಿರು ನೋಡುತ್ತಾರಲ್ಲ, ಹಾಗೆ.

"ಚಂದ ಅದಾವ," ಅಂದಳು.