ಸಾಲೇಹಾಬಿಯ ಗಾಡಿಯೂ ನನ್ನ ಪ್ರಶ್ನೆಗಳೂ

ಶಿಕಾರಿಪುರದ ಸಾಲೇಹಾಬಿಯ ಮನೆಗೆ ನನ್ನ ಪ್ರಥಮ ಪ್ರವೇಶ ಮೂಗಿನ ಮುಖಾಂತರ ಆಯಿತು. ಹೊಸ್ತಿಲು ಎಡವಿ, ಆಕೆ ಹೊಲಿದಿಟ್ಟಿದ್ದ ಲಂಗಗಳ ರಾಶಿಯ ಮೇಲೆ ಬೋರಲು ಬಿದ್ದೆ. ಎದ್ದು, ಕನ್ನಡಕ ಹುಡುಕಿ ಏರಿಸಿಕೊಂಡು, ಬಹಳ ಗಂಭೀರವಾಗಿ ಕೈಯಲ್ಲಿದ್ದ ಹಾಳೆಯ ಮೊದಲ ಪ್ರಶ್ನೆ ಓದಿದೆ: "ಮನೆಯ ಹೊಸ್ತಿಲನ್ನು ತಾವು ಒಬ್ಬರೇ ದಾಟಬಲ್ಲಿರಾ?"

"ಮೊದ್ಲು ನಿಮ್ದು ಬರ್ಕೊಳ್ರಿ ಮೇಷ್ಟ್ರೇ," ಎಂದಳು.

ಇದು ಎಪ್ಪತ್ನಾಲ್ಕರ ಮಾತು. ಶಿವಮೊಗ್ಗದ ಒಂದು ಸೇವಾ ಸಂಘದವರು ಕಾಲು ಸ್ವಾಧೀನವಿಲ್ಲದವರಿಗೆ ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿ ಕೊಡುವವರಿದ್ದರು. ಯಾರಿಗೆ ನಿಜವಾಗಿ ಬೇಕು ಎಂದು ತಿಳಿಯಲು ಒಂದು ಪ್ರಶ್ನಾವಳಿ. ಅದು ಬಂದದ್ದು ಜನ ಬ್ಯಾಟರಿ ಕುರ್ಚಿಯಲ್ಲಿ ಓಡಾಡುವ ಯಾವುದೋ ದೇಶದಿಂದ. ಅದನ್ನು ನಮ್ಮ ಸೀಮೆಗೆ ಒಗ್ಗಿಸಿ ಕನ್ನಡಕ್ಕೆ ತರುವ ಕೆಲಸ, ಇಂಗ್ಲಿಷ್ ಬರುತ್ತದೆಂಬ ಅಪವಾದ ಹೊತ್ತಿದ್ದ ಶಾಲಾ ಮೇಷ್ಟ್ರಾದ ನನ್ನ ಕೊರಳಿಗೆ ಬಿತ್ತು. ನಮ್ಮೂರಲ್ಲಿ ಫುಟ್‌ಪಾತ್ ಇಲ್ಲವಾದ್ದರಿಂದ ಮೂಲದ 'ಫುಟ್‌ಪಾತ್ ಹತ್ತಬಲ್ಲಿರಾ' ಎಂಬುದನ್ನು ಹೊಸ್ತಿಲು ಮಾಡಿದೆ. 'ಬ್ಯಾಟರಿ ತೀರುವ ಮುನ್ನ ಎಷ್ಟು ದೂರ' ಎಂಬುದು 'ತೋಳು ಸೋಲುವ ಮುನ್ನ' ಆಯಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಬೇರೆಯವರಾರೂ ತೂಗಲಿಲ್ಲ.

ಸಾಲೇಹಾಬಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಕಾಲು ಹೋಗಿತ್ತು. ಹೊಲಿಗೆಯ ಕೈಮಷೀನು ತಿರುಗಿಸಿ ತಿರುಗಿಸಿ ತೋಳು ಮಾತ್ರ ಪೈಲ್ವಾನರದು. ಗಾಡಿ ಯಾಕೆ ಬೇಕು ಎಂದು ಕೇಳಿದೆ.

"ದಾರ ತರೋದಕ್ಕೆ ರೀ. ನಮ್ ಶೌಕತ್‌ಗೆ ಗಿಳಿಹಸಿರು ತಾರೋ ಅಂದ್ರೆ ಪಾಚಿ ಬಣ್ಣ ತರ್ತಾನೆ. ಹೊಲಿಸ್ಕೊಂಡೋರು ಬೈಯೋದು ನನ್ನ."

ಮೂಲೆಯಲ್ಲಿದ್ದ ತಮ್ಮ ಶೌಕತ್ ಅಲಿ, "ಹಸಿರು ಹಸಿರೇ ಅಲ್ವಾ ಅಕ್ಕಾ?" ಎಂದು ತನ್ನ ಅಪರಾಧವನ್ನು ಇನ್ನಷ್ಟು ಗಟ್ಟಿ ಮಾಡಿದ.

ಮುಖ್ಯ ಪ್ರಶ್ನೆಗೆ ಬಂದೆ. "ಓಡಾಡಲು ನಿಮಗೆ ಸಹಾಯ ಬೇಕೇ?"

"ಏನೂ ಬೇಡ."

'ಬೇಡ' ಎಂದು ಬರೆದರೆ ಗಾಡಿಯೂ ಬೇಡ ಎಂದೇ ಸಂಘದ ಲೆಕ್ಕ. ಅಷ್ಟರಲ್ಲಿ ಪಕ್ಕದ ಮನೆಯ ಹೂವಮ್ಮ ಒಳಬಂದು, ಮಾತಿಲ್ಲದೆ ಸಾಲೇಹಾಬಿಯನ್ನು ಕಂಕುಳಿಗೆ ಕೈಹಾಕಿ ಎತ್ತಿ, ಬೆಳಕಿದ್ದ ಕಿಟಕಿಯ ಹತ್ತಿರ ಕೂರಿಸಿ, ಸೆರಗು ಕೊಡವಿಕೊಂಡು ಹೊರಟುಹೋದಳು.

"ಇದು ಸಹಾಯ ಅಲ್ವೇನಮ್ಮಾ?"

"ಛೀ! ಹಂಗಂದ್ರೆ ಹೂವಕ್ಕ ನಾಳೆಯಿಂದ ಮಾತಾಡ್ಸಲ್ಲ. ಸಹಾಯ ಮಾಡೋಕೆ ಆಕೆ ಏನು ಹೊರಗಿನೋಳಾ?"

ನನಗೆ ಹೊಳೆಯಿತು. ನಮ್ಮಲ್ಲಿ ನೆರೆಹೊರೆಯ ಕೈಯನ್ನು ಸಹಾಯವೆಂದು ಎಣಿಸುವುದೇ ಅವಮಾನ. ಆ ಪ್ರಶ್ನೆ ಹೊಡೆದುಹಾಕಿ, 'ನಿನ್ನೆ ಎಲ್ಲೆಲ್ಲಿಗೆ ಹೋದಿರಿ? ಎತ್ತಿ ಕೂರಿಸಿದವರು ಯಾರು ಯಾರು?' ಎಂದು ಬರೆದೆ. ಸಾಲೇಹಾಬಿ ಶುರುಮಾಡಿದಳು: ಹೂವಕ್ಕ, ಶೌಕತ್, ಹಾಲಿನ ಹಾಲಮ್ಮ, ಬಸ್ಸಿನ ಕಂಡಕ್ಟರು... ನನ್ನ ಹಾಳೆ ಸಾಲದೆ ಹಿಂಬದಿಗೆ ಹೋದೆ.

ಕೆಲವು ತಿಂಗಳ ಮೇಲೆ ಶಿಕಾರಿಪುರ, ಸೊರಬ ಎರಡು ತಾಲ್ಲೂಕಿಗೂ ಸೇರಿಸಿ ಸೊರಬದಲ್ಲಿ ಗಾಡಿ ಹಂಚಿದರು. ಪಟ್ಟಿಯಲ್ಲಿ ಮೊದಲ ಹೆಸರೇ ಸಾಲೇಹಾಬಿಯದು. ಹತ್ತಿ ಕೂತವಳು ಭಾಷಣಕ್ಕೆ ಕಾಯಲಿಲ್ಲ. ಪೇಟೆಯ ಏರಿನ ಕಡೆ ತಿರುಗಿಸಿಯೇಬಿಟ್ಟಳು. ಶೌಕತ್ ಹಿಂದಿನಿಂದ ನೂಕಲು ಹೋದ.

"ಕೈ ತೆಗ್ಯೋ!"

ತೆಗೆದ. ಏರು ಹತ್ತಿತು ಗಾಡಿ. ಅಂಗಡಿಗಳವರು ತಕ್ಕಡಿ ಬಿಟ್ಟು ಹೊರಬಂದರು. ದಾರದಂಗಡಿಯೆದುರು ನಿಂತು, ಉಂಡೆಗಳನ್ನು ಬಿಸಿಲಿಗೆ ಹಿಡಿದು ಹಿಡಿದು ನೋಡಿ, ತನಗೆ ಬೇಕಾದ ಗಿಳಿಹಸಿರನ್ನು ತಾನೇ ಆರಿಸಿ ಮಡಿಲಿಗೆ ಹಾಕಿಕೊಂಡಳು. ಇದೆಲ್ಲ ನನ್ನಿಂದಲೇ ಆದದ್ದು ಎಂಬ ಮುಖ ಹೊತ್ತು ನಾನು ಗಾಡಿಯ ಮುಂದಿನ ಗಾಲಿಗೇ ಅಡ್ಡಲಾಗಿ ನಿಂತಿದ್ದೆ.

ಸಂಘದ ಕಾರ್ಯದರ್ಶಿ ಶಾಂತವೀರಪ್ಪನವರು ಏದುಸಿರು ಬಿಡುತ್ತಾ ಬಂದು, ಜೇಬಿನಿಂದ ಪೆನ್ನು ತೆಗೆದು ಕೇಳಿದರು: "ಈಗ ನಿಮಗೆ ಯಾರದಾದ್ರೂ ಸಹಾಯ ಬೇಕಾ ತಾಯಿ?"

ಸಾಲೇಹಾಬಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಬೇಕು ರೀ. ಈ ಮೇಷ್ಟ್ರನ್ನ ಯಾರಾದ್ರೂ ಎತ್ತಿ ಆ ಕಡೆ ಕೂರ್ಸಿ."