ಹಸಿರು ಪಟ್ಟಿಯ ಹಕ್ಕಿ

ನನ್ನ ಕೆಲಸವೇ ಜನರ ಕಾಲು ನೋಡುವುದು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಊರು ಗದಗದ ಕಡೆ, ವಾಸ ಪರ್ಕಳದ ಬಾಡಿಗೆ ಕೋಣೆ. ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದ ಉಡುಪಿಯ ನಿವೃತ್ತ ಅಧ್ಯಾಪಕಿಯೊಬ್ಬರನ್ನು ಮತ್ತೆ ನಡೆಸಿದ್ದು ನಾನು. ಕೊನೆಯ ದಿನ ಅವರು, "ನಡೀಲಿಕ್ಕೆ ನೀವು ಕಲಿಸಿದಿರಿ. ಭಾನುವಾರ ಹೆಜಮಾಡಿಗೆ ಬನ್ನಿ, ಹಕ್ಕಿ ನೋಡ್ಲಿಕ್ಕೆ ನಾನು ಕಲಿಸ್ತೇನೆ" ಎಂದರು. ಕರೆದಂತಿರಲಿಲ್ಲ, ಹೋಮ್‌ವರ್ಕ್ ಕೊಟ್ಟಂತಿತ್ತು. ಹೋದೆ.

ಹೊಳೆ ಸಮುದ್ರ ಸೇರುವಲ್ಲಿ, ಹಿಂದೆ ಬಲೆ ಇಡುತ್ತಿದ್ದ ಶೆಡ್ಡೇ ಹಕ್ಕಿ ವೀಕ್ಷಣಾ ಕೇಂದ್ರ. ಒಂದು ದೂರದರ್ಶಕ, ಕೆಲವು ಪ್ಲಾಸ್ಟಿಕ್ ಕುರ್ಚಿ, ಅಷ್ಟೆ. ಮಳೆಗಾಲ ಮುಗಿಯುತ್ತ ಬಂದಂತೆ ಉತ್ತರದ ಹಕ್ಕಿಗಳು ಅಲ್ಲಿನ ಮರಳ ದಿಬ್ಬಕ್ಕೆ ವಲಸೆ ಬರುತ್ತವೆ. ಬಂದವನ್ನು ಗುರುತಿಸುವುದು ನಮ್ಮಂಥ ಸ್ವಯಂಸೇವಕರ ಕೆಲಸ. ಉಳಿದವರು ಕೊಕ್ಕು, ರೆಕ್ಕೆ ನೋಡಿ ಹೆಸರು ಹೇಳುತ್ತಿದ್ದರು. ನನಗೋ ಎಲ್ಲವೂ ಮರಳಿನ ಬಣ್ಣ. ಅಭ್ಯಾಸಬಲದಿಂದ ಕಾಲನ್ನೇ ನೋಡುತ್ತಿದ್ದೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಹಾಗೆ ನೋಡುತ್ತಿದ್ದಾಗಲೇ, ಓಡಿ ಓಡಿ ನಿಲ್ಲುವ ಪುಟ್ಟ ಪ್ಲೋವರ್ ಹಕ್ಕಿಯೊಂದರ ಕಾಲಿನಲ್ಲಿ ಏನೋ ಹಸಿರಾಗಿ ಮಿನುಗಿತು.

"ಟೀಚರ್, ಅದರ ಕಾಲಾಗ ಏನೋ ಐತ್ರಿ!" ಗಡಿಬಿಡಿಯಲ್ಲಿ ಬಾಯಿಗೆ ಊರಿನ ಮಾತೇ ಬಂತು.

ಟೀಚರ್ ದೂರದರ್ಶಕಕ್ಕೆ ಕಣ್ಣಿಟ್ಟರು. "ಪಟ್ಟಿ ಉಂಟು ಮಾರಾಯ್ರೆ! ಎಲ್ಲಿಯೋ ಹಿಡಿದು, ಗುರುತು ಕಟ್ಟಿ ಬಿಟ್ಟದ್ದು. ಅದರಲ್ಲಿ ಬರೆದದ್ದು ಓದ್ಲಿಕ್ಕೆ ಸಿಕ್ಕಿದ್ರೆ ಎಲ್ಲಿಂದ ಬಂದದ್ದು ಅಂತ ಗೊತ್ತಾಗ್ತದೆ."

ಅಷ್ಟರಲ್ಲಿ ನಾಯಿಯೊಂದು ನುಗ್ಗಿತು. ಇಡೀ ಗುಂಪು ಎದ್ದು ಹಾರಿತು.

ಮುಂದಿನ ಭಾನುವಾರ ಹಕ್ಕಿ ಮತ್ತೆ ಸಿಕ್ಕಿತು. ಬಿಸಿಲಿಗೆ ಮರಳಿನ ಮೇಲಿನ ಗಾಳಿಯೆಲ್ಲ ನಡುಗುತ್ತಿತ್ತು. ಎರಡು ಅಕ್ಷರ ಓದಿದೆ. ಕೊನೆಯ ಅಂಕಿ ಮೂರೋ ಎಂಟೋ ತಿಳಿಯಲಿಲ್ಲ.

"ಮೂರೇ ಇರಬೇಕು ಟೀಚರ್. ಪಟ್ಟಿ ಕಟ್ಟಿದವರಿಗೆ ಕಳಿಸಿಬಿಡೋಣ್ವಾ?"

"ಇರಬೇಕು ಅಂದ್ರೆ ಎಂತ? ರೋಗಿಯ ಎಡಗಾಲಾ ಬಲಗಾಲಾ ಅಂತ ನೀವು ಅಂದಾಜಿನಲ್ಲಿ ಹೇಳ್ತೀರಾ?"

ಬರೆದುಕೊಂಡಿದ್ದ ಮೂರನ್ನು ಹೊಡೆದುಹಾಕಿದೆ. ವಾರವಿಡೀ ಆ ಅಂಕಿಯೇ ತಲೆಯಲ್ಲಿ. ಹಕ್ಕಿ ಇನ್ನೂ ದಕ್ಷಿಣಕ್ಕೆ ಹೊರಟುಬಿಟ್ಟರೆ ಎಂಬ ಭಯ ಬೇರೆ.

ಮತ್ತೊಂದು ಭಾನುವಾರ ನೀರು ಏರುವ ಹೊತ್ತಿಗೇ ಹೋದೆವು. ಅಲೆ ಮೇಲೆ ಬಂದಂತೆ ಹಕ್ಕಿಗಳೂ ದಡದತ್ತ ಸರಿಯುತ್ತವೆ ಎಂದು ಟೀಚರ್ ಹೇಳಿದ್ದರು. ನಿಂತರೆ ಹೆದರುತ್ತವೆಂದು ನಾನು ಬೈನಾಕ್ಯುಲರ್ ಹಿಡಿದು ಒದ್ದೆ ಮರಳಿನಲ್ಲಿ ಬೋರಲು ಮಲಗಿದೆ. ಗುಂಪು ನಿಧಾನವಾಗಿ ಹತ್ತಿರ ಬಂತು. ನನ್ನ ಹಕ್ಕಿಯೂ ಅದರಲ್ಲಿತ್ತು, ಆದರೆ ಪಟ್ಟಿ ಇದ್ದ ಕಾಲನ್ನೇ ಹೊಟ್ಟೆಗೆ ಮಡಚಿಕೊಂಡು ಒಂಟಿಕಾಲಲ್ಲಿ ನಿಂತಿತು!

ಅದೇ ಸಮಯಕ್ಕೆ ದಡದಲ್ಲೇ ನಿಂತು ಕೈರಂಪಣಿ ಬಲೆ ಎಳೆಯುವ ಮೀನುಗಾರರ ಸಾಲು ಹಗ್ಗ ಹೊತ್ತು ಅತ್ತಲೇ ನಡೆದು ಬರುತ್ತಿತ್ತು. ಕೂಗಿದರೆ ಹಕ್ಕಿ ಹಾರುತ್ತದೆ. ಮಲಗಿದಲ್ಲಿಂದಲೇ ಒಂದು ಕೈ ಎತ್ತಿದೆ. ಮುಂದಿದ್ದ ಹಿರಿಯ ನನ್ನನ್ನು ನೋಡಿದ, ಹಕ್ಕಿಗಳನ್ನು ನೋಡಿದ, ನಿಂತ. ಹಿಂದಿನವರೆಲ್ಲ ಭಾರ ಹೊತ್ತುಕೊಂಡೇ ನಿಂತರು. ಅಲೆಯೊಂದು ಬಂದು ನನ್ನನ್ನು ಎದೆಯವರೆಗೆ ತೋಯಿಸಿತು. ಅದೇ ಅಲೆಗೆ ಹಕ್ಕಿಯೂ ಕಾಲು ಬಿಚ್ಚಿ ನನ್ನತ್ತ ಓಡಿ ಬಂದು ನಿಂತಿತು. ಎಂಟು. ಸಂಶಯವೇ ಇಲ್ಲದ, ದುಂಡಗಿನ ಎಂಟು!

ತೊಟ್ಟಿಕ್ಕುವ ಬಟ್ಟೆಯಲ್ಲೇ ಶೆಡ್ಡಿಗೆ ಓಡಿದೆ.

"ಓದಿದ್ದಾ, ಅಂದಾಜಾ?" ಟೀಚರ್ ಕೇಳಿದರು.

"ಓದಿದ್ದು!"

ಸದಾ ಗಂಭೀರವಾಗಿರುವ ಆ ಹೆಂಗಸು ನನ್ನನ್ನು ಒದ್ದೆಯಲ್ಲೇ ತಬ್ಬಿಕೊಂಡರು.

ಪಟ್ಟಿ ಕಟ್ಟಿದ ವಿಜ್ಞಾನಿಗಳ ಉತ್ತರ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ಹಿಮಾಲಯದಾಚೆಯ ಎತ್ತರದ ಸರೋವರವೊಂದರ ದಡದಲ್ಲಿ ಹಿಡಿದು ಬಿಟ್ಟ ಹಕ್ಕಿಯಂತೆ ಅದು. ಆಮೇಲೆ ಅದನ್ನು ಕಂಡವರಲ್ಲಿ ನಾವೇ ಮೊದಲಿಗರಂತೆ. ಟೀಚರಿಗೆ ಫೋನಿನಲ್ಲಿ ಓದಿ ಹೇಳಿದೆ. "ಇನ್ನೊಮ್ಮೆ ಓದಿ, ನಿಧಾನಕ್ಕೆ" ಎಂದರು. ಇನ್ನೊಮ್ಮೆ ಓದಿದೆ. ಮೂರನೆಯ ಸಲವೂ ಓದಿಸಿದರು.

ಆ ಭಾನುವಾರ ಬಲೆಯ ಹಿರಿಯ ನಮ್ಮ ಶೆಡ್ಡಿಗೇ ಬಂದು ನನ್ನನ್ನು ಕೇಳಿದ. "ಎಂತ ಮೇಡಂ, ನಮ್ಮನ್ನು ಅಷ್ಟು ಹೊತ್ತು ನಿಲ್ಲಿಸಿದ್ದು ಸಾರ್ಥಕ ಆಯ್ತಾ? ಎಲ್ಲಿಯದಂತೆ ಅದು?"

"ಹಿಮಾಲಯದ ಆಚೇದ್ರಿ."

"ಓ, ಅದೂ ನಿಮ್ಮ ಹಾಗೆ ಘಟ್ಟದ ಮೇಲಿನದ್ದೇ!"

"ಹೌದ್ರಿ," ಎಂದೆ, "ನಮ್ಮದಕ್ಕಿಂತ ಸ್ವಲ್ಪ ದೊಡ್ಡ ಘಟ್ಟ." ಶೆಡ್ಡಿನಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಆತ ದೂರದರ್ಶಕದ ಹಿಂದೆ ಕುರ್ಚಿ ಎಳೆದುಕೊಂಡು ಕುಳಿತ.