ಗೌಡರ ಬಂಗಲೆಯ ಲೈನ್ ಟೆಸ್ಟ್

ದೆವ್ವ, ಮಾಟ, ಮೈಮೇಲೆ ಬರುವುದು, ಯಾವುದನ್ನೂ ನಾನು ನಂಬಿದವನಲ್ಲ. ಇವತ್ತಿಗೂ ನಂಬುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಕಥೆ ಹೇಳಿದವರನ್ನು 'ಪುರಾವೆ ಎಲ್ಲಿ?' ಎಂದು ಕೇಳಿಯೇ ಕೂರಿಸಿದ್ದೇನೆ. ನನ್ನನ್ನೂ ಹಾಗೆ ಕೇಳುವವರು ಧಾರಾಳವಾಗಿ ಕೇಳಲಿ.

ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲೇ ಬರುತ್ತಿದ್ದ ಕಾಲ. ಗೆಳೆಯ ರಫೀಕ್ ತನ್ನ ಅಣ್ಣನ ಗ್ಯಾರೇಜು ಬಿಟ್ಟು ಮೂಡಿಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ವ್ಯಾಪಾರವಿರಲಿಲ್ಲ. ಕಳಸದ ಹತ್ತಿರ ಎಸ್ಟೇಟ್ ಇದ್ದ ಗೌಡರೊಬ್ಬರು, 'ನಮ್ಮ ಲೈನಲ್ಲಿ ಇಂಟರ್ನೆಟ್ ಬರುತ್ತೆ ಅಂತ ತೋರಿಸಿ, ಕಂಪ್ಯೂಟರ್ ನಿಮ್ಮತ್ರಾನೇ ತಗೋತೀನಿ' ಅಂದಿದ್ದರು. ಈ ಆರ್ಡರೂ ಹೋದರೆ ಅಂಗಡಿ ಮುಚ್ಚಿ ಮತ್ತೆ ಸ್ಪ್ಯಾನರ್ ಹಿಡಿಯಬೇಕು ಎಂದು ರಫೀಕ್ ದಾರಿಯುದ್ದಕ್ಕೂ ಹೇಳುತ್ತಿದ್ದ.

ಮಧ್ಯಾಹ್ನ ನಾವು ಹೋದಾಗ ಗೌಡರು ತೋಟದಲ್ಲಿದ್ದರು. ಅಡುಗೆಯವರು ಆಫೀಸು ಕೋಣೆ ತೋರಿಸಿದರು. ಲೈನ್ ಹೇಗಿದೆ ನೋಡಲು ರಫೀಕ್ ರಿಸೀವರ್ ಎತ್ತಿ ಒಂದೇ ಒಂದು ಅಂಕಿ ಒತ್ತಿದ. ಡಯಲ್ ಟೋನ್ ನಿಂತ ಮೇಲೆ ಕರಕರ ಸದ್ದು ಕೇಳಿದರೆ ಲೈನ್ ಕೆಟ್ಟದ್ದು. 'ಕೇಳು ಮಾರಾಯ, ಎಂಥಾ ಲೈನು!' ಎಂದು ನನ್ನ ಕಿವಿಗಿಟ್ಟ. ಈ ಘಟ್ಟದ ಯಾವ ಫೋನಿನಲ್ಲೂ ಅಷ್ಟು ಶುದ್ಧ ಮೌನ ಕೇಳಿರಲಿಲ್ಲ. ನಾವು ಹೊತ್ತು ತಂದಿದ್ದ ಕಂಪ್ಯೂಟರಿಗೆ ಫೋನ್ ತಂತಿ ಸಿಕ್ಕಿಸಿದೆವು; ಮೋಡೆಮ್ ಕಿರುಚಿ ಮೊದಲ ಸಲಕ್ಕೇ ಇಂಟರ್ನೆಟ್ ಕನೆಕ್ಟ್ ಆಯಿತು. ನನ್ನ ವಿಳಾಸಕ್ಕೇ ಒಂದು ಮೇಲ್ ಕಳಿಸಿ ನೋಡಿದೆ. ಹೋಯಿತು.

ಗೌಡರಿಗೆ ಹೇಳಲು ತೋಟಕ್ಕಿಳಿದೆವು. ಅವರು ಬಿದ್ದ ಸಿಲ್ವರ್ ಮರದ ಪಕ್ಕ ನಿಂತಿದ್ದರು. ಲೈನ್‌ಮ್ಯಾನ್ ತುಂಡಾದ ಫೋನ್ ತಂತಿಯ ತುದಿಗಳನ್ನು ಕೈಯಲ್ಲಿ ಹಿಡಿದಿದ್ದ.

'ಬೆಳಿಗ್ಗೆಯಿಂದ ಫೋನ್ ಡೆಡ್ಡಾಗಿದೆ. ನಿಮಗೆ ತಿಳಿಸೋಕೂ ಆಗ್ಲಿಲ್ಲ,' ಅಂದರು ಗೌಡರು.

ಬಂಗಲೆಗಿದ್ದದ್ದು ಅದೊಂದೇ ಲೈನು. ರಫೀಕ್ ಸುಮ್ಮನಿರುವಂತೆ ನನ್ನ ಕೈ ಅದುಮಿದ. ನಾನು ಸುಮ್ಮನಿರಲಿಲ್ಲ. 'ಈಗಷ್ಟೇ ಕನೆಕ್ಟ್ ಆಯ್ತಲ್ಲ ಸಾರ್!'

'ತಂತಿ ಇಲ್ದೆ ಇಂಟರ್ನೆಟ್ಟಾ? ಹಾಗಾದ್ರೆ ಕರೆಂಟಿಲ್ದೆ ಓಡೋ ಕಂಪ್ಯೂಟರ್ ತಂದ್ಕೊಡಿ ಮಾರಾಯ್ರೇ!' ಎಂದು ಗೌಡರು ನಕ್ಕರು.

ಹಟಕ್ಕೆ ಬಿದ್ದು ಅವರನ್ನು ಬಂಗಲೆಗೆ ಕರೆದೊಯ್ದೆ. ರಿಸೀವರಿನಲ್ಲಿ ಡಯಲ್ ಟೋನೂ ಇರಲಿಲ್ಲ. ಗೌಡರ ನಗು ನಿಂತಿತು. ಸುಳ್ಳು ಹೇಳುವವರ ಜೊತೆ ವ್ಯಾಪಾರ ಬೇಡ ಎಂದುಬಿಟ್ಟರು.

ಮರುದಿನ ಚಿಕ್ಕಮಗಳೂರಿನ ಸೈಬರ್ ಸೆಂಟರಿನಲ್ಲಿ ನೋಡಿದರೆ ಆ ಮೇಲ್ ಬಂದು ಕೂತಿತ್ತು. ಭೂತದ ಕೆಲಸ ಅಂದರು ಕೆಲವರು. ಯಾವ ಭೂತಕ್ಕೆ ಪಾಸ್‌ವರ್ಡ್ ಗೊತ್ತಿತ್ತು, ಹೇಳಲಿ. ವಿಚಾರವಾದಿ ಗೆಳೆಯರು ನಿನಗೆ ಭ್ರಮೆ ಅಂದರು. ಭ್ರಮೆ ಮೇಲ್ ಕಳಿಸುತ್ತದೆಯೇ? ಎರಡನ್ನೂ ಒಪ್ಪಲಾರೆ. ಹಾಗಾದರೆ ಏನು ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ರಫೀಕ್ ಅಂಗಡಿ ಮುಚ್ಚಿದ. ಈಗಲೂ ಸಿಕ್ಕಾಗ ಬಯ್ಯುತ್ತಾನೆ: 'ಒಂದು ಮಾತು ನುಂಗಿದ್ರೆ ತಂತಿ ಕಟ್ಟಿದ್ಮೇಲೆ ಇನ್ನೊಂದ್ಸಲ ಟೆಸ್ಟ್ ಮಾಡ್ಬಹುದಿತ್ತಲ್ಲೋ. ನನ್ನ ಅಂಗಡಿ ಉಳೀತಿತ್ತು.'

'ಉಳೀತಿತ್ತು. ಆದ್ರೆ ಕನೆಕ್ಟ್ ಆಗಿತ್ತೋ ಇಲ್ವೋ, ಅದನ್ನ ಹೇಳು.'

'ಆಗಿತ್ತು ಮಾರಾಯ,' ಅನ್ನುತ್ತಾನೆ, ಮುಖ ಆಚೆ ತಿರುಗಿಸಿ.